ಸಣ್ಣ ಟ್ರ್ಯಾಕ್ಟರಿನ ಎಣ್ಣೆ ಜಿನುಗು: ಮೂಲ ಹುಡುಕುವ ಬಗೆ



ಟ್ರ್ಯಾಕ್ಟರಿನ ಅಡಿಯಲ್ಲಿ ಎಣ್ಣೆ ಧಾರೆಯಾಗಿ ಸುರಿದರೆ ಯಾರೂ ಸುಮ್ಮನಿರುವುದಿಲ್ಲ. ಕೂಡಲೇ ಗಾಡಿ ನಿಲ್ಲಿಸಿ ಮೆಕ್ಯಾನಿಕ್‌ಗೆ ಹೇಳಿ ಕಳುಹಿಸುತ್ತೇವೆ. ನಮ್ಮನ್ನು ಮೋಸಗೊಳಿಸುವುದು ರಾತ್ರಿಯಿಡೀ ನಿಂತಲ್ಲಿ ನಾಲ್ಕಾರು ಹನಿ ಬಿಡುವ ನಿಧಾನದ ಜಿನುಗು. ಅದಕ್ಕೆ ನಾವು ಬೇಗ ಒಗ್ಗಿಹೋಗುತ್ತೇವೆ. ಶೆಡ್ಡಿನ ನೆಲದ ಮೇಲಿನ ಕಪ್ಪು ಕಲೆ ವರ್ಷಗಟ್ಟಲೆ ಹಾಗೆಯೇ ಇರುತ್ತದೆ. ಡ್ರೈವರ್ ಆಗಾಗ ಅರ್ಧ ಲೀಟರು ಸುರಿದು ಕೆಲಸ ಸಾಗಿಸುತ್ತಾನೆ. ಈ ಸಂಚಿಕೆಯ ಪಾಠದಲ್ಲಿ ಆ ಜಿನುಗಿನ ಮೂಲವನ್ನು ಬೆಳೆಗಾರರೇ ಹುಡುಕುವುದು ಹೇಗೆ, ಅದರಲ್ಲಿ ಯಾವುದನ್ನು ಮನೆಯಲ್ಲಿಯೇ ಸರಿಪಡಿಸಬಹುದು, ಯಾವುದನ್ನು ವರ್ಕ್‌ಶಾಪಿಗೆ ಬಿಡಬೇಕು ಎಂಬುದನ್ನು ತಿಳಿಸಲಿಚ್ಛಿಸುತ್ತೇವೆ.

ನಮ್ಮ ಕಡೆ ಸಣ್ಣ ಯಂತ್ರಗಳು ಹೊಸದಲ್ಲ. 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಿ.ಎಸ್.ಟಿ. ಸಂಸ್ಥೆಯು ಜಪಾನಿನ ಮಿತ್ಸುಬಿಷಿಯ ಸಹಯೋಗದಲ್ಲಿ ಪವರ್ ಟಿಲ್ಲರ್ ತಯಾರಿಸಿತು. ಕೇರಳದ ಕ್ಯಾಮ್ಕೋ 1973ರಲ್ಲಿ ಹುಟ್ಟಿತು. ಆಮೇಲೆ ಬಂದ ಸಣ್ಣ ಟ್ರ್ಯಾಕ್ಟರುಗಳಲ್ಲಿ ಹದಿನೆಂಟೂವರೆ ಅಶ್ವಶಕ್ತಿಯ, ಮೂರು ಸಿಲಿಂಡರಿನ ಶಕ್ತಿ, ಹದಿನೈದು ಅಶ್ವಶಕ್ತಿಯ, ಒಂದೇ ಸಿಲಿಂಡರಿನ ಮಹೀಂದ್ರ ಯುವರಾಜ್, ಇಪ್ಪತ್ತನಾಲ್ಕು ಅಶ್ವಶಕ್ತಿಯ ಕುಬೋಟಾ ಇವೆಲ್ಲ ಬೆಳೆಗಾರರಿಗೆ ಪರಿಚಿತವೇ. ಒಂಬತ್ತು ಅಡಿ ಅಂತರದ ಅಡಿಕೆ ಸಾಲಿನಲ್ಲಿ ತಿರುಗಬಲ್ಲವು ಇವೇ. ಕೆಳಗೆ ಹೇಳುವುದು ಯಾವುದೋ ಒಂದು ತಯಾರಿಕೆಗೆ ಸೇರಿದ್ದಲ್ಲ, ಎಲ್ಲಕ್ಕೂ ಅನ್ವಯಿಸುತ್ತದೆ. ಅಳತೆ ಮತ್ತು ಎಣ್ಣೆಯ ದರ್ಜೆಗೆ ಮಾತ್ರ ಅವರವರ ಕೈಪಿಡಿಯನ್ನೇ ನೋಡತಕ್ಕದ್ದು.

ನಾಲ್ಕು ಹನಿಗೆ ಇಷ್ಟು ಯೋಚನೆ ಏಕೆ?

ಎಣ್ಣೆಯ ಬೆಲೆ ಇಲ್ಲಿ ಮುಖ್ಯವಲ್ಲ. ಸಣ್ಣ ಇಂಜಿನ್ನು ಹಿಡಿಯುವುದೇ ಸುಮಾರು ಮೂರು ನಾಲ್ಕು ಲೀಟರು. ಅದರಲ್ಲಿ ಒಂದು ಲೀಟರು ಕಡಿಮೆಯಾದ ಗಾಡಿ ಸಮತಟ್ಟಿನಲ್ಲಿ ಏನೂ ತೋರಿಸದೆ ಓಡಬಹುದು. ಆದರೆ ಕಾಫಿ ತೋಟದ ಏರಿನಲ್ಲಿ ಮೂತಿ ಮೇಲೆತ್ತಿದಾಗ ಇರುವ ಎಣ್ಣೆಯೆಲ್ಲ ಒಂದು ಬದಿಗೆ ಸರಿದು ಪಂಪು ಗಾಳಿ ಎಳೆಯುತ್ತದೆ. ಬೇರಿಂಗುಗಳು ಹಾಳಾಗುವುದು ಇಂತಹ ಹೊತ್ತಿನಲ್ಲಿ. ಕೆಂಪು ದೀಪ ಒಮ್ಮೆ ಮಿನುಗಿದರೂ ಇಂಜಿನ್ನು ನಿಲ್ಲಿಸಲೇಬೇಕು. ಮೇಲೆ ಹತ್ತಿದ ಮೇಲೆ ನೋಡೋಣ ಎನ್ನಬಾರದು.

ಎರಡನೆಯದು ಬ್ರೇಕು. ಒಣ ಬ್ರೇಕಿರುವ ಹಳೆಯ ಗಾಡಿಗಳಲ್ಲಿ ಹಿಂದಿನ ಅಚ್ಚಿನ ಸೀಲು ಜಿನುಗಿದರೆ ಎಣ್ಣೆ ನೇರವಾಗಿ ಲೈನಿಂಗಿಗೆ ಹೋಗುತ್ತದೆ. ಒಂದು ಚಕ್ರ ಹಿಡಿದು ಇನ್ನೊಂದು ಹಿಡಿಯದೆ ಹೋದರೆ, ಗೊಬ್ಬರ ತುಂಬಿದ ಟ್ರೈಲರಿನೊಡನೆ ಇಳಿಜಾರಿನಲ್ಲಿ ಏನಾಗುವುದೆಂದು ಬೆಳೆಗಾರರಿಗೆ ನಾವು ಹೇಳಬೇಕಾಗಿಲ್ಲ. ಕ್ಲಚ್ಚಿನ ಮನೆಯೊಳಗೆ ಹೋದ ಎಣ್ಣೆಯೂ ಹೀಗೆಯೇ; ಪ್ಲೇಟು ಜಾರತೊಡಗುತ್ತದೆ.

ಮೂರನೆಯದನ್ನು ಅನೇಕರು ಗಮನಿಸುವುದೇ ಇಲ್ಲ. ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಹೀರಿಕೊಳ್ಳುವ ವಸ್ತು. ಕಣದಲ್ಲಿ ಒಣಗಲು ಹಾಕಿದ ಪಾರ್ಚ್‌ಮೆಂಟಿನ ಪಕ್ಕದಲ್ಲಿ ಜಿನುಗುವ ಟ್ರ್ಯಾಕ್ಟರ್ ನಿಲ್ಲಿಸುವುದೆಂದರೆ ವರ್ಷದ ದುಡಿಮೆಯನ್ನು ಕೈಯಾರೆ ಕೆಡಿಸಿಕೊಂಡಂತೆ. ಬಟ್ಟಲಲ್ಲಿ ರುಚಿ ನೋಡುವವರಿಗೆ ಡೀಸೆಲಿನ ಮತ್ತು ಎಣ್ಣೆಯ ವಾಸನೆ ತಪ್ಪಿಸಿಕೊಳ್ಳುವುದಿಲ್ಲ. ಜಿನುಗು ನಿಲ್ಲುವವರೆಗೆ ಗಾಡಿಯನ್ನು ಕಣಕ್ಕೆ ಹತ್ತಿಸಲೇಬಾರದು.

ಮೊದಲು ಯಾವ ಎಣ್ಣೆ ಎಂದು ತಿಳಿಯಿರಿ

ಸಂಜೆ ಕೆಲಸ ಮುಗಿದ ಮೇಲೆ ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಅಡಿಯಲ್ಲಿ ದೊಡ್ಡ ಬಿಳಿ ರಟ್ಟು ಹಾಸಿರಿ. ಚಕ್ರಗಳ ಗುರುತನ್ನು ರಟ್ಟಿನ ಮೇಲೆ ಹಾಕಿಕೊಂಡರೆ ಹನಿ ಬಿದ್ದದ್ದು ಯಾವ ಭಾಗದ ಕೆಳಗೆ ಎಂದು ಬೆಳಗ್ಗೆ ಗೊತ್ತಾಗುತ್ತದೆ. ಬೆರಳಿಗೆ ಹಚ್ಚಿ ನೋಡಿ. ಕಪ್ಪಾಗಿ, ಸುಟ್ಟ ವಾಸನೆಯಿದ್ದರೆ ಇಂಜಿನ್ ಎಣ್ಣೆ. ದಪ್ಪನಾಗಿ, ಗಂಧಕದ ಘಾಟು ಇದ್ದರೆ ಗೇರ್ ಎಣ್ಣೆ. ಹೊಂಬಣ್ಣದ ತೆಳು ಎಣ್ಣೆಯಾದರೆ ಹೈಡ್ರಾಲಿಕ್ಕಿನದು. ಹಲವು ಸಣ್ಣ ಟ್ರ್ಯಾಕ್ಟರುಗಳಲ್ಲಿ ಗೇರ್‌ಬಾಕ್ಸಿಗೂ ಹೈಡ್ರಾಲಿಕ್ಕಿಗೂ ಒಂದೇ ಎಣ್ಣೆ ಇರುತ್ತದೆಂಬುದು ನೆನಪಿರಲಿ. ನೀರಿನಂತೆ ತೆಳ್ಳಗಿದ್ದು ಬೇಗ ಹರಡಿದರೆ ಡೀಸೆಲ್. ಹಾಲು ಬೆರೆತಂತೆ ಬೆಳ್ಳಗಿದ್ದರೆ ನೀರು ಸೇರಿದೆ ಎಂದರ್ಥ, ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕು. ಸಂಶಯವಿದ್ದರೆ ಇಂಜಿನ್ನಿನ ಡಿಪ್‌ಸ್ಟಿಕ್ಕಿನಿಂದ ಒಂದು ಹನಿ, ಗೇರ್‌ಬಾಕ್ಸಿನಿಂದ ಒಂದು ಹನಿ ತೆಗೆದು ಬಿಳಿ ಕಾಗದದ ಮೇಲೆ ಪಕ್ಕದಲ್ಲಿಟ್ಟು ಹೋಲಿಸಿ ನೋಡಬಹುದು.

ಎಷ್ಟು ಸೋರುತ್ತಿದೆ ಎಂಬ ಲೆಕ್ಕವೂ ಬೇಕು. ರಟ್ಟಿನ ಬದಲು ಒಂದು ರಾತ್ರಿ ತಟ್ಟೆ ಇಟ್ಟು, ಬಿದ್ದದ್ದನ್ನು ಬಿಸಾಡಬೇಕಾದ ಹಳೆಯ ಔಷಧಿ ಮುಚ್ಚಳದಲ್ಲಿ ಅಳೆಯಿರಿ. ರಾತ್ರಿಗೆ ಹತ್ತು ಮಿಲಿಲೀಟರಾದರೆ ತಿಂಗಳಿಗೆ 300 ಮಿಲಿಲೀಟರಾಯಿತು. ಓಡುವಾಗ ಒತ್ತಡವಿರುವುದರಿಂದ ಹೋಗುವುದು ಇನ್ನೂ ಹೆಚ್ಚಿರಬಹುದು. ಆ ಲೆಕ್ಕ ಸಿಗುವುದು ಡಿಪ್‌ಸ್ಟಿಕ್ಕಿನಿಂದ ಮಾತ್ರ, ಅದೂ ಸಮತಟ್ಟಿನಲ್ಲಿ ನೋಡಿದರೆ. ತೋಟದ ಇಳಿಜಾರಿನಲ್ಲಿ ನಿಲ್ಲಿಸಿ ನೋಡಿ, ಕಡಿಮೆಯಿದೆಯೆಂದು ಹೆಚ್ಚು ಸುರಿದು, ಆ ಹೆಚ್ಚಾದ ಎಣ್ಣೆಯೇ ಸೀಲು ದಾಟಿ ಹೊರಬರುವ ಗಾಡಿಗಳೂ ಇವೆ.

ಒರೆಸಿ, ಪುಡಿ ಹಾಕಿ, ಮೇಲಿನಿಂದ ನೋಡಿ

ಈ ಪಾಠದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಹನಿ ಬೀಳುವ ಜಾಗ ಬೇರೆ, ಎಣ್ಣೆ ಹೊರಡುವ ಜಾಗ ಬೇರೆ. ಎಣ್ಣೆ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಮುಂದಿರುವ ಫ್ಯಾನಿನ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಎಲ್ಲಕ್ಕಿಂತ ಕೆಳಗಿರುವ ಅಂಚಿನಲ್ಲಿ ಅದು ಹನಿಯಾಗಿ ನಿಲ್ಲುತ್ತದೆ. ಕೆಳಗಿನ ಹನಿಯನ್ನು ನೋಡಿ ಅಲ್ಲಿಯ ಸೀಲನ್ನು ಬದಲಿಸುವುದು ಕತ್ತಲೆಯಲ್ಲಿ ಕಲ್ಲು ಹೊಡೆದಂತೆ.

ಆದುದರಿಂದ ಇಂಜಿನ್ನು ತಣ್ಣಗಿರುವಾಗ ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ಅದ್ದಿದ ಬ್ರಶ್ಶಿನಿಂದ ಮಣ್ಣು, ಜಿಡ್ಡು, ಅಡಿಕೆ ಸಿಪ್ಪೆಯ ಧೂಳು ಎಲ್ಲವನ್ನೂ ತೊಳೆದು, ಸಾಬೂನು ನೀರು ಹಾಕಿ, ಬಟ್ಟೆಯಿಂದ ಒರೆಸಿ ಒಣಗಿಸಿರಿ. ಬಿಸಿಯಿರುವ ಡೀಸೆಲ್ ಪಂಪಿನ ಮೇಲೆ ತಣ್ಣೀರು ಹಾಕಬಾರದು, ಡೈನಮೋ ಮತ್ತು ಸೀಲುಗಳಿಗೆ ಜೋರಾದ ನೀರಿನ ಧಾರೆ ಹಿಡಿಯಬಾರದು. ಒಣಗಿದ ಮೇಲೆ ಅನುಮಾನವಿರುವ ಜಾಗಗಳಿಗೆಲ್ಲ ಮಕ್ಕಳ ಪೌಡರನ್ನೋ ಪುಡಿಮಾಡಿದ ಸೀಮೆಸುಣ್ಣವನ್ನೋ ತೆಳ್ಳಗೆ ಉದುರಿಸಿರಿ. ಈಗ ಇಂಜಿನ್ನು ಹಚ್ಚಿ ಹದಿನೈದು ನಿಮಿಷ ಬಿಟ್ಟು, ನಿಲ್ಲಿಸಿ, ಟಾರ್ಚು ಮತ್ತು ಕೈಗನ್ನಡಿ ಹಿಡಿದು ಮೇಲಿನಿಂದ ಕೆಳಕ್ಕೆ, ಮುಂದಿನಿಂದ ಹಿಂದಕ್ಕೆ ನೋಡುತ್ತಾ ಬನ್ನಿ. ಬಿಳಿ ಪುಡಿ ಮೊದಲು ಕಪ್ಪಾಗುವ ಜಾಗವೇ ಮೂಲ. ಏನೂ ಕಾಣದಿದ್ದರೆ ಒಂದು ಗಂಟೆ ಭಾರದ ಕೆಲಸ ಮಾಡಿಸಿ ಮತ್ತೆ ನೋಡಿ. ಎಷ್ಟೋ ಜಿನುಗುಗಳು ಬಿಸಿಯಾಗಿ ಭಾರ ಎಳೆದಾಗ ಮಾತ್ರ ಕಾಣಿಸಿಕೊಳ್ಳುತ್ತವೆ. ಪ್ರತಿ ಸಲ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಂಡರೆ ಹೋಲಿಸಲು ಅನುಕೂಲ.

ಗಾಡಿಯ ಅಡಿಗೆ ಹೋಗುವ ಮೊದಲು ಸಲಕರಣೆಯನ್ನು ನೆಲಕ್ಕಿಳಿಸಿ, ಕೀಲಿ ತೆಗೆದು, ಚಕ್ರಕ್ಕೆ ಕಲ್ಲು ಕೊಡುವುದು ಕಡ್ಡಾಯ. ಹೈಡ್ರಾಲಿಕ್ಕಿನ ಆಸರೆಯೊಂದರಲ್ಲೇ ನಿಂತಿರುವ ಸಲಕರಣೆಯ ಕೆಳಗೆ ತಲೆ ಒಡ್ಡಬಾರದು.

ಜಯಲಕ್ಷ್ಮಿಪುರಂನ ಸದಸ್ಯರೊಬ್ಬರ ಗಾಡಿ

ಮೈಸೂರಿನ ಜಯಲಕ್ಷ್ಮಿಪುರಂನಲ್ಲಿ ಮನೆಯಿದ್ದು, ತೋಟ ಮಾತ್ರ ಹುಣಸೂರು ದಾಟಿ ತಿತಿಮತಿಯ ಆಚೆ ಇರುವ ಸದಸ್ಯರೊಬ್ಬರು ನಮ್ಮಲ್ಲಿದ್ದಾರೆ. ಮಕ್ಕಳ ಓದಿಗೆಂದು ಊರು ಬಿಟ್ಟು ಮೈಸೂರು ಸೇರಿದ ಬೆಳೆಗಾರರು ಬಹಳ ಮಂದಿ. ಇವರೂ ವಾರಕ್ಕೊಮ್ಮೆ ತೋಟಕ್ಕೆ ಹೋಗಿಬರುವವರು. ಅವರ ಮೂರು ಸಿಲಿಂಡರಿನ ಗಾಡಿ ಇಂಜಿನ್ನು ಮತ್ತು ಗೇರ್‌ಬಾಕ್ಸು ಸೇರುವ ಕಡೆ, ಕ್ಲಚ್ ಮನೆಯ ತಳದಲ್ಲಿರುವ ಸಣ್ಣ ತೂತಿನಿಂದ ಹನಿಯುತ್ತಿತ್ತು. ವರ್ಕ್‌ಶಾಪಿನವರು ನೋಡಿದ ಕೂಡಲೇ ಕ್ರ್ಯಾಂಕಿನ ಹಿಂದಿನ ಸೀಲು ಹೋಗಿದೆ, ಗಾಡಿಯನ್ನು ನಡುವೆ ಬಿಚ್ಚಿ ಎರಡು ಭಾಗ ಮಾಡಬೇಕು, ಬಿಚ್ಚಿದ ಮೇಲೆ ಕ್ಲಚ್ ಪ್ಲೇಟನ್ನೂ ಹೊಸದು ಹಾಕಿಬಿಡೋಣ ಎಂದರು. ಅದು ಹಣ್ಣು ಕೊಯ್ಲಿನ ಕಾಲ. ಗಾಡಿ ಒಂದು ವಾರ ನಿಂತರೆ ಹಣ್ಣು ಸಾಗಿಸುವುದಕ್ಕೇ ಬೇರೆ ದಾರಿಯಿಲ್ಲ.

ಅವರು ಕೇಳಿದ್ದರಿಂದ ನಾವು ತೋಟಕ್ಕೆ ಹೋಗಿ ಅರ್ಧ ದಿನ ಕುಳಿತೆವು. ಎಣ್ಣೆ ಕಪ್ಪಾಗಿತ್ತು. ಗಂಧಕದ ಘಾಟು ಇರಲಿಲ್ಲ. ಹೀಗಾಗಿ ಗೇರ್‌ಬಾಕ್ಸಿನ ಮುಂದಿನ ಸೀಲು ಅಲ್ಲವೆಂಬುದು ಮೊದಲ ಹತ್ತು ನಿಮಿಷದಲ್ಲಿಯೇ ತಿಳಿಯಿತು. ತೊಳೆದು, ಒಣಗಿಸಿ, ಪುಡಿ ಹಾಕಿ, ಇಪ್ಪತ್ತು ನಿಮಿಷ ಇಂಜಿನ್ನು ಓಡಿಸಿದರೂ ಎಲ್ಲಿಯೂ ಕಲೆಯಿಲ್ಲ. ಹಣ್ಣಿನ ಮೂಟೆ ತುಂಬಿದ ಟ್ರೈಲರ್ ಕಟ್ಟಿ ಏರಿನಲ್ಲಿ ಮೂರು ಸಲ ಓಡಾಡಿಸಿ ಬಂದಾಗ ಟ್ಯಾಪೆಟ್ ಕವರಿನ ಹಿಂಬದಿಯ ಎಡ ಮೂಲೆಯಲ್ಲಿ ಪುಡಿ ಒದ್ದೆಯಾಗಿತ್ತು. ಅಲ್ಲಿಂದ ಬ್ಲಾಕಿನ ಬೆನ್ನಿನ ಮೇಲೆ ಒಂದು ಎಳೆ ಇಳಿದು, ಎರಡು ಭಾಗ ಸೇರುವ ಅಂಚನ್ನು ಹಿಡಿದುಕೊಂಡು ಸುತ್ತಿ, ತಳದ ತೂತಿನ ತುಟಿಯಲ್ಲಿ ಹನಿಯಾಗಿತ್ತು. ತೂತಿನೊಳಗೆ ಕಡ್ಡಿಗೆ ಸುತ್ತಿದ ಬಿಳಿ ಬಟ್ಟೆ ತಿರುಗಿಸಿ ತೆಗೆದರೆ ಬಂದದ್ದು ಒಣ ಧೂಳು ಮಾತ್ರ. ಹಿಂದಿನ ಸೀಲು ನಿಜವಾಗಿ ಹೋಗಿದ್ದರೆ ಆ ಬಟ್ಟೆ ಒದ್ದೆಯಾಗಬೇಕಿತ್ತು.

ಹಾಗಾದರೆ ಕವರಿನ ಗ್ಯಾಸ್ಕೆಟ್ಟು ಏಕೆ ಬಿಟ್ಟುಕೊಟ್ಟಿತು? ಕಾರ್ಕು ಗಟ್ಟಿಯಾಗಿದ್ದದ್ದು ಒಂದು ಕಾರಣ. ಇನ್ನೊಂದು ಕಾರಣ ಬ್ರೀದರ್, ಅಂದರೆ ಇಂಜಿನ್ನಿನೊಳಗಿನ ಹಬೆ ಹೊರಹೋಗುವ ಕೊಳವೆ. ಅದರ ರಬ್ಬರು ಮಡಿಸಿಕೊಂಡು, ತುದಿಯಲ್ಲಿ ಜಿಡ್ಡು ಕಟ್ಟಿತ್ತು. ಒಳಗಿನ ಒತ್ತಡಕ್ಕೆ ದಾರಿಯಿಲ್ಲದೆ ಹೋದಾಗ ಅದು ದುರ್ಬಲ ಜಾಗದಿಂದ ಎಣ್ಣೆಯನ್ನು ತಳ್ಳುತ್ತದೆ. ಕೊಳವೆ ಶುಚಿಮಾಡಿ, ಗ್ಯಾಸ್ಕೆಟ್ಟು ಬದಲಿಸಿದ್ದಕ್ಕೆ ಒಂದು ಗಂಟೆಯೂ ಹಿಡಿಯಲಿಲ್ಲ. ಮೊದಲೆರಡು ರಾತ್ರಿ ರಟ್ಟಿನ ಮೇಲೆ ಅಲ್ಲೊಂದು ಇಲ್ಲೊಂದು ಹನಿ ಬಿತ್ತು. ಅದು ಸಂದಿಯಲ್ಲಿ ಉಳಿದ ಹಳೆಯ ಎಣ್ಣೆ. ಮೂರನೆಯ ರಾತ್ರಿಯಿಂದ ರಟ್ಟು ಒಣಗಿತ್ತು.

ವರ್ಕ್‌ಶಾಪಿನವರಿಗೆ ದುರುದ್ದೇಶವಿತ್ತೆಂದು ನಾವು ಹೇಳುವುದಿಲ್ಲ. ಆ ತೂತಿನಲ್ಲಿ ಎಣ್ಣೆ ಕಂಡರೆ ಸೀಲೇ ಹೋಗಿರುವ ಸಂದರ್ಭಗಳೂ ಉಂಟು. ಒರೆಸಿ ನೋಡದೆ ಹೇಳಿದ್ದಷ್ಟೇ ತಪ್ಪು. ಅದಕ್ಕಿಂತ ನಮಗೆ ಹೆಚ್ಚು ಯೋಚನೆ ಹುಟ್ಟಿಸಿದ್ದು ಬೇರೆ ಸಂಗತಿ. ಡ್ರೈವರ್ ಎಷ್ಟು ತಿಂಗಳಿಂದ ಎಣ್ಣೆ ಸುರಿಯುತ್ತಿದ್ದಾನೆಂಬುದು ಮಾಲೀಕರಿಗೆ ಗೊತ್ತೇ ಇರಲಿಲ್ಲ. ಆತ ಮುಚ್ಚಿಟ್ಟದ್ದಲ್ಲ, ಕೇಳಿದವರಿಲ್ಲ. ಪಟ್ಟಣದಲ್ಲಿದ್ದು ತೋಟ ನೋಡಿಕೊಳ್ಳುವ ಸದಸ್ಯರು ಶೆಡ್ಡಿನ ಗೋಡೆಗೆ ಒಂದು ನೋಟ್‌ಬುಕ್ಕು ತೂಗುಹಾಕಿ, ಎಣ್ಣೆ ಹಾಕಿದ ದಿನ, ಅಳತೆ, ಗಂಟೆ ಮೀಟರಿನ ಅಂಕೆ ಬರೆಯಿಸಬೇಕು. ಡ್ರೈವರಿಗೆ ಬರೆಯಲು ಬಾರದಿದ್ದರೆ ಅರ್ಧ ಲೀಟರಿಗೊಂದು ಗೆರೆ ಎಳೆದರೂ ಸಾಕು.

ಅಗ್ಗದ ಮೂಲಗಳನ್ನು ಮೊದಲು ನೋಡಿ

ಬ್ರೀದರನ್ನು ಎಲ್ಲಕ್ಕಿಂತ ಮೊದಲು ನೋಡತಕ್ಕದ್ದು. ಅದಕ್ಕೆ ಖರ್ಚೇ ಇಲ್ಲ. ಇಂಜಿನ್ನಿಗೆ ಇರುವಂತೆ ಗೇರ್‌ಬಾಕ್ಸಿಗೂ ಹಿಂದಿನ ಅಚ್ಚಿಗೂ ಮೇಲ್ಭಾಗದಲ್ಲಿ ಉಸಿರಾಡುವ ತೂತಿರುತ್ತದೆ. ಕೆಸರು ಮೆತ್ತಿಕೊಂಡು, ಮಳೆಗಾಲದಲ್ಲಿ ನಿಂತ ಗಾಡಿಗಳಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿ ಅದು ಮುಚ್ಚಿಹೋಗಿರುತ್ತದೆ. ತೂತು ತೆರೆದರೂ ಇಂಜಿನ್ನಿನಿಂದ ಹೊಗೆಯಂತೆ ಜೋರಾಗಿ ಹಬೆ ಬರುತ್ತಿದ್ದರೆ ಪಿಸ್ಟನ್ ರಿಂಗು ಸವೆದಿರಬಹುದು. ಆಗ ಎಷ್ಟು ಸೀಲು ಬದಲಿಸಿದರೂ ಪ್ರಯೋಜನವಿಲ್ಲ.

ಆಮೇಲೆ ಡ್ರೈನ್ ಪ್ಲಗ್ಗಿನ ತಾಮ್ರದ ವಾಷರು. ಪ್ರತಿ ಸಲವೂ ಹೊಸದು ಹಾಕುವುದು ಉತ್ತಮ. ಸಿಗದಿದ್ದರೆ ಹಳೆಯದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ತಾಮ್ರ ಮತ್ತೆ ಮೆತ್ತಗಾಗಿ ಕೂರುತ್ತದೆ. ಸೋರುತ್ತಿದೆಯೆಂದು ಪ್ಲಗ್ಗನ್ನು ಇನ್ನೂ ಇನ್ನೂ ಬಿಗಿದು ಮರೆ ಹಾಳುಮಾಡಿಕೊಳ್ಳಬಾರದು. ಫಿಲ್ಟರು ಬದಲಿಸಿದ ನಂತರ ಸೋರತೊಡಗಿದ್ದರೆ ಹಳೆಯ ಫಿಲ್ಟರಿನ ರಬ್ಬರು ಬಳೆ ಇಂಜಿನ್ನಿಗೇ ಅಂಟಿಕೊಂಡು ಅದರ ಮೇಲೆ ಹೊಸದು ಕೂತಿದೆಯೇ ಎಂದು ನೋಡಿ. ಹೊಸ ಬಳೆಗೆ ಎಣ್ಣೆ ಸವರಿ, ತಾಗಿದ ಮೇಲೆ ಕೈಯಿಂದಲೇ ಸುಮಾರು ಮುಕ್ಕಾಲು ಸುತ್ತು ಬಿಗಿದರೆ ಸಾಕು. ಎಣ್ಣೆ ಒತ್ತಡದ ಸ್ವಿಚ್ಚು ಇನ್ನೊಂದು ಮರೆತುಹೋಗುವ ಜಾಗ. ಅದರ ವೈರು ಕಳಚಿ ನೋಡಿದಾಗ ಟರ್ಮಿನಲ್ಲಿನಲ್ಲಿ ಎಣ್ಣೆಯಿದ್ದರೆ ಸ್ವಿಚ್ಚನ್ನೇ ಬದಲಿಸಿ.

ಕವರುಗಳ ಬೋಲ್ಟನ್ನು ಒಂದು ಕಡೆಯಿಂದ ಪೂರ್ತಿ ಬಿಗಿಯದೆ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬರಬೇಕು. ತಗಡಿನ ಕವರು ಅತಿಯಾಗಿ ಬಿಗಿದರೆ ಬೋಲ್ಟಿನ ಹತ್ತಿರ ಬಾಗಿ, ನಡುವೆ ಸಂದಿ ಬಿಡುತ್ತದೆ. ಟ್ಯೂಬಿನ ಅಂಟನ್ನು ಬಳಿಯುವವರು ಧಾರಾಳ ಮಾಡಬಾರದು. ಒಳಗೆ ಉಕ್ಕಿದ ಅಂಟು ಕಳಚಿಕೊಂಡು ಹೋಗಿ ಎಣ್ಣೆ ಜಾಲರಿಯನ್ನು ಮುಚ್ಚುತ್ತದೆ. ಜಿನುಗು ನಿಂತರೂ ಇಂಜಿನ್ನು ಉಳಿಯುವುದಿಲ್ಲ. ಡೀಸೆಲ್ ಟ್ಯಾಂಕಿಗೆ ಸಾಬೂನು ಮೆತ್ತಿ ಸಂಜೆಯವರೆಗೆ ದೂಡುವ ಹಳ್ಳಿಯ ಉಪಾಯ ನಮಗೂ ಗೊತ್ತು. ಬಿಸಿ ಎಣ್ಣೆಯ ಜಾಗದಲ್ಲಿ ಅದು ನಡೆಯುವುದಿಲ್ಲ.

ತಿರುಗುವ ಜಾಗದ ಸೀಲುಗಳು

ತೋಟದ ಗಾಡಿಗಳಲ್ಲಿ ಮುಂದಿನ ಚಕ್ರದ ಹಬ್ಬು ಮತ್ತು ಹಿಂದಿನ ಪಿ.ಟಿ.ಓ. ದಂಡದ ಸೀಲು ಹಾಳಾಗಲು ವಯಸ್ಸಿಗಿಂತ ನಾರು ದೊಡ್ಡ ಕಾರಣ. ಅಡಿಕೆ ಸೋಗೆಯ ನಾರು, ಬಳ್ಳಿ, ಗೊಬ್ಬರದ ಚೀಲದ ಪ್ಲಾಸ್ಟಿಕ್ ಎಳೆ, ಬೇಲಿಯ ತಂತಿಯ ತುಂಡು ಇವು ದಂಡಕ್ಕೆ ಸುತ್ತಿಕೊಂಡು ಸೀಲಿನ ತುಟಿಯೊಳಗೆ ನುಗ್ಗಿ ಕೊಯ್ಯುತ್ತವೆ. ಸುತ್ತಿದ್ದನ್ನು ದಿನವೂ ಚಾಕುವಿನಿಂದ ಕತ್ತರಿಸಿ ತೆಗೆದರೆ ಸೀಲಿನ ಆಯುಷ್ಯ ಹೆಚ್ಚುತ್ತದೆ. ಸೀಲು ಕೊಯ್ದುಹೋದ ಹಬ್ಬಿಗೆ ಕೆಸರು ನೀರೂ ನುಗ್ಗುವುದರಿಂದ ಎಣ್ಣೆಯ ಬಣ್ಣವನ್ನೂ ಪರೀಕ್ಷಿಸತಕ್ಕದ್ದು.

ಸೀಲು ತರುವಾಗ ಹಳೆಯದರ ಮೇಲಿನ ಅಂಕೆಯನ್ನು ಬರೆದುಕೊಳ್ಳಿ. 35-52-7 ಎಂದಿದ್ದರೆ ಒಳವ್ಯಾಸ 35, ಹೊರವ್ಯಾಸ 52, ದಪ್ಪ 7 ಮಿಲಿಮೀಟರು ಎಂದರ್ಥ. ಅಂಕೆ ಅಳಿಸಿದ್ದರೆ ಹಳೆಯ ಸೀಲನ್ನೇ ಕೈಯಲ್ಲಿ ಹಿಡಿದು ಹೋಗಿ. ತೋಟದಿಂದ ಮೈಸೂರಿಗೆ ಬಂದು ಅಳತೆ ತಪ್ಪಿ ಬರಿಗೈಯಲ್ಲಿ ಹಿಂದಿರುಗಿದವರನ್ನು ನಾವು ನೋಡಿದ್ದೇವೆ. ಹಾಕುವಾಗ ಸ್ಪ್ರಿಂಗು ಇರುವ ಬದಿ ಎಣ್ಣೆಯ ಕಡೆಗಿರಬೇಕು. ದಂಡವನ್ನು ನಯವಾದ ಎಮರಿ ಕಾಗದದಿಂದ ಸುತ್ತಲೂ ಉಜ್ಜಿ, ತುಟಿಗೆ ಎಣ್ಣೆ ಸವರಿ, ದಂಡದ ಹಲ್ಲುಗಳ ಮೇಲೆ ತೆಳು ಪ್ಲಾಸ್ಟಿಕ್ ಸುತ್ತಿ ಅದರ ಮೇಲಿಂದ ಜಾರಿಸಿರಿ. ಸುತ್ತಿಗೆಯಿಂದ ನೇರವಾಗಿ ಹೊಡೆಯದೆ, ಸರಿಯಾದ ಅಳತೆಯ ಕೊಳವೆ ಅಥವಾ ಮರದ ತುಂಡಿಟ್ಟು ಸಮವಾಗಿ ಕೂರಿಸಬೇಕು. ಉಗುರಿಗೆ ಸಿಕ್ಕುವಷ್ಟು ಗಾಡಿ ದಂಡದ ಮೇಲೆ ಬಿದ್ದಿದ್ದರೆ ಹೊಸ ಸೀಲೂ ಅಲ್ಲೇ ಸೋರುತ್ತದೆ. ಜಾಗವಿದ್ದರೆ ಸೀಲನ್ನು ಒಂದೆರಡು ಮಿಲಿಮೀಟರು ಸರಿಸಿ ಕೂರಿಸಬಹುದು. ಇಲ್ಲವಾದರೆ ಅದರ ಮೇಲೆ ತೆಳು ಉಕ್ಕಿನ ತೋಳು ಹಾಕಿಸಬೇಕಾಗುತ್ತದೆ.

ಕ್ಲಚ್ ಮನೆಯ ಒಳಗಿನ ಸೀಲು, ಹಿಂದಿನ ಅಚ್ಚಿನ ಸೀಲು, ಬ್ರೇಕಿಗೆ ಸಂಬಂಧಿಸಿದ ಯಾವುದೇ ಕೆಲಸ ಇವನ್ನು ವರ್ಕ್‌ಶಾಪಿಗೇ ಬಿಡಬೇಕು. ಬಟ್ಟೆ ಒದ್ದೆಯಾಗಿ ಬಂದಿದ್ದರೆ, ಎಣ್ಣೆ ಕಪ್ಪೋ ಗಂಧಕದ ಘಾಟಿನದೋ ಎಂದು ನೋಡಿಕೊಂಡು ಹೋಗಿ ಹೇಳಿರಿ. ಇಂಜಿನ್ನಿನ ಸೀಲೇ, ಗೇರ್‌ಬಾಕ್ಸಿನ ಸೀಲೇ ಎಂಬುದು ಅದರಿಂದ ಮೊದಲೇ ನಿಶ್ಚಯವಾಗುತ್ತದೆ.

ಹೈಡ್ರಾಲಿಕ್ ಕೊಳವೆಗೆ ಕೈ ಹಚ್ಚಬೇಡಿ

ಟ್ರೈಲರ್ ಎತ್ತುವ ಕೊಳವೆಗಳಲ್ಲಿ ಸೂಜಿಮೊನೆಯಷ್ಟು ತೂತಾದರೂ ಎಣ್ಣೆ ಭಾರಿ ಒತ್ತಡದಲ್ಲಿ ಚಿಮ್ಮುತ್ತದೆ. ಅದು ಕಣ್ಣಿಗೆ ಕಾಣದು. ಚರ್ಮವನ್ನು ಕೊರೆದು ಒಳಹೋಗುತ್ತದೆ. ಬೆರಳಿಂದ ತಡವಿ ಹುಡುಕುವುದು ಬಲು ಅಪಾಯ. ಉದ್ದನೆಯ ರಟ್ಟಿನ ತುಂಡನ್ನು ದೂರದಿಂದ ಹಿಡಿದು ನೋಡಬೇಕು. ಡೀಸೆಲಿನ ಇಂಜೆಕ್ಟರ್ ಕೊಳವೆಗೂ ಇದೇ ಮಾತು. ಅಕಸ್ಮಾತ್ ಹೊಕ್ಕಿದ್ದರೆ, ಗಾಯ ಸೊಳ್ಳೆ ಕಚ್ಚಿದಷ್ಟೇ ಇದ್ದು ನೋವಿಲ್ಲದಿದ್ದರೂ ಆ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿ, ಎಣ್ಣೆ ಒಳಹೊಕ್ಕಿದೆಯೆಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳತಕ್ಕದ್ದು. ಬೆಳಗಿನವರೆಗೆ ಕಾದರೆ ಬೆರಳೇ ಹೋಗಬಹುದು. ಕೊಳವೆ ಬಿಚ್ಚುವ ಮೊದಲು ಇಂಜಿನ್ನು ನಿಲ್ಲಿಸಿ, ಟ್ರೈಲರ್ ಕೆಳಗಿಳಿಸಿ, ಲಿವರನ್ನು ಹಿಂದುಮುಂದೆ ಆಡಿಸಿ ಒತ್ತಡ ಬಿಡಿಸಿರಿ.

ಜೂನಿನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಶೆಡ್ಡಿನಲ್ಲಿ ನಿಲ್ಲುವ ಕಡೆ ಸೀಲಿನ ತುಟಿ ಒಣಗಿ ದಂಡಕ್ಕೆ ಅಂಟುತ್ತದೆ. ಮಳೆ ಬಿಟ್ಟು ಗಾಡಿ ಎಳೆದ ದಿನ ಹರಿಯುತ್ತದೆ. ಹದಿನೈದು ದಿನಕ್ಕೊಮ್ಮೆಯಾದರೂ ಅರ್ಧ ಗಂಟೆ ಓಡಿಸಿ, ಗೇರು ಹಾಕಿ ಹಿಂದುಮುಂದೆ ಚಲಿಸಿರಿ. ನಿಂತಲ್ಲೇ ಐದು ನಿಮಿಷ ಗುರುಗುಟ್ಟಿಸಿ ಆರಿಸುವುದರಿಂದ ಇಂಜಿನ್ನು ಸರಿಯಾಗಿ ಬಿಸಿಯಾಗದೆ ಒಳಗೆ ತೇವ ಕೂಡುತ್ತದೆ.

ತೊಳೆದ ಸೀಮೆಎಣ್ಣೆ, ಬಸಿದ ಹಳೆ ಎಣ್ಣೆ, ಜಿಡ್ಡು ಬಟ್ಟೆ ಇವನ್ನು ತೋಡಿಗೋ ಅಡಿಕೆ ಬುಡಕ್ಕೋ ಎಸೆಯುವಂತಿಲ್ಲ. ಗೆದ್ದಲಿಗೆಂದು ಬೇಲಿ ಗೂಟಕ್ಕೆ ಬಳಿಯುವ ರೂಢಿಯೂ ಒಳ್ಳೆಯದಲ್ಲ. ಮೊದಲ ಮಳೆಗೇ ಅದು ತೊಳೆದು ಕೆರೆ ಸೇರುತ್ತದೆ. ಬಳಸಿದ ಎಣ್ಣೆಯು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅಡಿಯಲ್ಲಿ ಬರುವ ವಸ್ತು. ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು, ಅದನ್ನು ಪಡೆಯಲು ಪರವಾನಗಿ ಇರುವವರಿಗೆ ಕೊಡಬೇಕು. ಶೆಡ್ಡಿನ ನೆಲದ ಕಲೆಗೆ ಮರದ ಹೊಟ್ಟು ಹರಡಿ ಒಂದು ರಾತ್ರಿ ಬಿಟ್ಟು ಗುಡಿಸಿದರೆ ಬಹುಮಟ್ಟಿಗೆ ಹೋಗುತ್ತದೆ. ಆ ಹೊಟ್ಟನ್ನು ಕಣದ ಹತ್ತಿರ ಸುಡಬೇಡಿ.